ಗುಬ್ಬಿಯ ತುತ್ತು

ಗುಬ್ಬಿ ಎಂಬ ಹೆಸರನ್ನು ಅವಳಿಗೆ ಇಟ್ಟವಳು ಚಿಕ್ಕಮ್ಮ. ತಾಯಿ ತೀರಿಹೋಗಿ ಚಿಕ್ಕಮ್ಮನ ಮನೆ ಸೇರಿದಾಗ ಅವಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಆ ಮನೆಯಲ್ಲಿ ಹೆತ್ತ ಮಕ್ಕಳ ಊಟ ಮೊದಲು, ಉಳಿದರೆ ಇವಳದು. ಉಳಿಯದ ದಿನಗಳೂ ಇದ್ದವು. ಹಾಗಾಗಿ ಇವಳು ಅಡುಗೆಮನೆ ಬಾಗಿಲ ಸಂದಿಯಲ್ಲಿ ಕಾದು ನಿಂತು, ಯಾರೂ ಇಲ್ಲದ್ದು ನೋಡಿ ಒಳಗೆ ನುಗ್ಗಿ, ಕೈಗೆ ಸಿಕ್ಕಿದ್ದನ್ನು ಬಾಯಿಗೆ ತುರುಕಿಕೊಂಡು ಓಡುವುದನ್ನು ಕಲಿತಳು. ಅಗಿಯುವಷ್ಟು ಪುರಸೊತ್ತು ಯಾವತ್ತೂ ಸಿಗುತ್ತಿರಲಿಲ್ಲ. "ನಮ್ಮನೇಲೊಂದು ಗುಬ್ಬಿ ಇದೆ, ಕಾಳು ಎತ್ಕೊಂಡು ಹಾರೋಗತ್ತೆ" ಎಂದು ಚಿಕ್ಕಮ್ಮ ನೆಂಟರ ಮುಂದೆ ಹೇಳಿ ನಗುತ್ತಿದ್ದಳು. ನೆಂಟರೂ ನಗುತ್ತಿದ್ದರು. ಗುಬ್ಬಿಯೂ ನಗುತ್ತಿದ್ದಳು, ನಗದಿದ್ದರೆ ಮಾತು ಮುಂದುವರಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು.

ದೊಡ್ಡವಳಾದ ಮೇಲೆ ಒಂದು ಕನ್ನಡಕದಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಮುಂದಿನ ಕೋಣೆಯಲ್ಲಿ ಯಜಮಾನರು ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣತ್ತಾ, ಅದಾ?" ಎಂದು ಕೇಳುತ್ತಿರುತ್ತಾರೆ. ಹಿಂದಿನ ಕೋಣೆ ಗುಬ್ಬಿಯದು. ಅಲ್ಲಿ ಹನಿ ಹನಿ ನೀರು ಬೀಳುವ ಸಾಣೆಕಲ್ಲು. ಫ್ರೇಮಿನ ಅಳತೆಗೆ ಗಾಜಿನ ಅಂಚು ಅರೆಯುವಾಗ ಅದರಿಂದ ಸುಣ್ಣದಂಥ ಬಿಳಿ ಕೆಸರು ಇಳಿಯುತ್ತದೆ. ಪಕ್ಕದಲ್ಲಿ ಕಾದ ಮರಳಿನ ಪೆಟ್ಟಿಗೆ. ಪ್ಲಾಸ್ಟಿಕ್ ಕಡ್ಡಿಗಳನ್ನು ಅದರಲ್ಲಿ ಮೆತ್ತಗೆ ಮಾಡಿ ಗಿರಾಕಿಯ ಕಿವಿಗೆ ತಕ್ಕ ಹಾಗೆ ಬಗ್ಗಿಸುವುದು. ಎಳ್ಳಿನಷ್ಟು ಸಣ್ಣ ತಿರುಪುಗಳನ್ನು ಕಪ್ಪು ಬಟ್ಟೆಯ ಮೇಲೆ ಹರಡಿಕೊಂಡು, ಉಸಿರು ಬಿಗಿಹಿಡಿದು, ಅವಳು ಕೂರಿಸುತ್ತಿದ್ದಳು. ಕೈ ನಡುಗುತ್ತಿರಲಿಲ್ಲ.

ಗಂಡ ಸಿಕ್ಕಿದ್ದೂ ಆ ಅಂಗಡಿಯಲ್ಲೇ. ಅವನು ಎದುರು ಬೀದಿಯಲ್ಲಿ ಫೋನ್ ರಿಪೇರಿ ಮಾಡುವವನು. ಮುರಿದ ಕನ್ನಡಕ ಹಿಡಿದು ಬಂದವನು ಅದನ್ನು ಮೂಗಿನ ತುದಿಗೆ ಸಿಕ್ಕಿಸಿಕೊಂಡು ಯಜಮಾನರ ಹಾಗೇ ಮಾತಾಡಿ ತೋರಿಸಿದ. ಗುಬ್ಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಂಥ ಗಂಡ ಸಿಕ್ರೆ ಆಯಸ್ಸು ಹೋದದ್ದೇ ಗೊತ್ತಾಗಲ್ಲ" ಎಂದು ಎಲ್ಲರೂ ಹೇಳಿದರು. ಅವನ ತಮಾಷೆಗೆ ಗುರಿಯಾಗಲು ಯಾವಾಗಲೂ ಒಬ್ಬ ಮನುಷ್ಯ ಬೇಕು, ಆ ಮನುಷ್ಯ ಎದುರಿಗೇ ಇರಬೇಕು ಎಂಬುದನ್ನು ಅವಳು ಮದುವೆಯಾದ ಮೇಲೆ ಗಮನಿಸಿದಳು. ಮನೆಯಲ್ಲಿ ಇದ್ದದ್ದು ಅತ್ತೆ ಮತ್ತು ಅವಳು, ಇಬ್ಬರೇ.

ಬಸುರಿಯಾದಾಗ ಮೊದಲು ವಾಂತಿ. ಅದು ನಿಂತ ಕೂಡಲೇ ಹಸಿವು. "ಎರಡು ಜೀವ ತಿನ್ನೋದು, ತಿನ್ಲಿ ಬಿಡು" ಎಂದು ಅತ್ತೆ ತಟ್ಟೆಗೆ ಗುಡ್ಡೆ ಹಾಕಿದಳು. ಹುಟ್ಟಿದಾಗಿನಿಂದ ಯಾರೂ ಅವಳ ತಟ್ಟೆಗೆ ಹಾಗೆ ಬಡಿಸಿರಲಿಲ್ಲ. ಎಲ್ಲರ ಮುಂದೆ ಉಂಡದ್ದು ಸಾಲದು ಎನ್ನುವಂತೆ, ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಒಬ್ಬಳೇ ಇದ್ದಾಗ ಬೇರೊಂದು ತಿನ್ನುವಿಕೆ ಶುರುವಾಯಿತು. ಬ್ರೆಡ್ಡಿನ ಪೊಟ್ಟಣ ಒಡೆದಳೆಂದರೆ ಕೈಗೂ ಬಾಯಿಗೂ ನಡುವೆ ಅವಳೇ ಇರುತ್ತಿರಲಿಲ್ಲ. ಒಂದು ಚೂರು ಇನ್ನೂ ಗಂಟಲಲ್ಲಿರುವಾಗಲೇ ಇನ್ನೊಂದು. ಹೊಟ್ಟೆ ಬಿರಿದು ಉಸಿರು ಕಟ್ಟಿದಾಗ ಎಚ್ಚರವಾಗುತ್ತಿತ್ತು. ಆಮೇಲೆ ಖಾಲಿ ಕವರುಗಳನ್ನು ಮಡಚಿ ಮಡಚಿ ಬ್ಯಾಗಿನಡಿ ತುರುಕಿ, ಪಕ್ಕದ ಬೀದಿಯ ಕಸದ ತೊಟ್ಟಿಗೆ ಎಸೆದು, ಬಾಯಿ ಒರೆಸಿಕೊಂಡು ಮನೆಗೆ ಬರುತ್ತಿದ್ದಳು. ಬಂದು ಮತ್ತೆ ಊಟಕ್ಕೆ ಕೂರುತ್ತಿದ್ದಳು.

ಆಸ್ಪತ್ರೆಯಲ್ಲಿ ತೂಕದ ಯಂತ್ರ ಇದ್ದದ್ದು ಎಲ್ಲರೂ ಕಾಯುವ ಪಡಸಾಲೆಯಲ್ಲಿ. ಆಯಾ ತೂಕ ನೋಡಿ ಒಳಗಿದ್ದವರಿಗೆ ಕೇಳುವಂತೆ ಕೂಗುತ್ತಿದ್ದಳು. ಗುಬ್ಬಿಯದನ್ನು ಕೂಗಿದಾಗ ಬೆಂಚಿನ ಮೇಲಿದ್ದವರೆಲ್ಲ ತಲೆ ಎತ್ತಿದರು. ರಕ್ತದಲ್ಲಿ ಸಕ್ಕರೆಯೂ ಹೆಚ್ಚಾಗಿತ್ತು. ಡಾಕ್ಟರು ಅವಳ ಮುಖ ನೋಡದೆ ಹೇಳಿದರು: "ಹೀಗೇ ತಿಂತಾ ಹೋದ್ರೆ ಮಗುಗೆ ತೊಂದ್ರೆ. ಬಾಯಿಗೆ ಬೀಗ ಹಾಕ್ಕೋಬೇಕಮ್ಮ."

ಗಂಡ ಅಲ್ಲೇ ಇದ್ದ. "ಬಾಯಿಗೆ ಹಾಕೋ ಅಷ್ಟು ದೊಡ್ಡ ಬೀಗ ಎಲ್ಲಿ ಸಿಗತ್ತೆ ಡಾಕ್ಟ್ರೇ?" ಎಂದ. ಡಾಕ್ಟರೂ ಸ್ವಲ್ಪ ನಕ್ಕರು.

ಬಾಯಿಗೆ ಸಿಗದ ಬೀಗ ಅಡುಗೆಮನೆಯ ಕಪಾಟಿಗೆ ಬಿತ್ತು. ಕೀಲಿ ಅತ್ತೆಯ ಸೊಂಟದಲ್ಲಿ. ಗುಡ್ಡೆ ಹಾಕುತ್ತಿದ್ದ ಅದೇ ಕೈ ಈಗ ಅರ್ಧ ಸೌಟು ಬಡಿಸಿ, ಪಾತ್ರೆಯ ಮುಚ್ಚಳ ಮುಚ್ಚಿ ನಿಲ್ಲುತ್ತಿತ್ತು. "ನನ್ನ ಮೊಮ್ಮಗುನ ಕೊಂದ್ಬಿಡ್ತಾಳೆ ಇವಳು" ಎಂದು ಅತ್ತೆ ಅಕ್ಕಪಕ್ಕದವರಿಗೆಲ್ಲ ಸಾರಿದಳು. ಮನೆಯಲ್ಲಿ ಅರೆಹೊಟ್ಟೆ ಉಂಡ ಗುಬ್ಬಿ ಬೇಕರಿಯ ಮುಂದೆ ಹಾದುಹೋಗಲಾರದೆ ನಿಲ್ಲುವಳು, ನಿಂತರೆ ಮುಗಿಯಿತು. ಮುಂದಿನ ಸಲ ತೂಕ ಇನ್ನೂ ಏರಿತ್ತು. ಡಾಕ್ಟರು ಅವಳನ್ನು ಪಡಸಾಲೆಯ ಕೊನೆಯ ಕೋಣೆಗೆ ಕಳಿಸಿದರು.

ಅಲ್ಲಿ ಗರ್ಭಿಣಿಯರಿಗೆ ಊಟತಿಂಡಿಯ ಸಲಹೆ ಕೊಡುವ ಹೆಂಗಸೊಬ್ಬಳು ಕೂತಿರುತ್ತಿದ್ದಳು. ಡಯಟಿಷಿಯನ್. ನೆಗಡಿಯಾಗಿತ್ತು, ಮೂಗು ಒರೆಸಿಕೊಳ್ಳುತ್ತಲೇ ಮಾತಾಡಿದಳು. ಏನು ತಿನ್ನಬಾರದು ಎಂಬ ಪಾಠ ಶುರುವಾಗುತ್ತದೆಂದು ಗುಬ್ಬಿ ತಲೆ ತಗ್ಗಿಸಿದ್ದಳು. ಅಂಗಡಿಯಲ್ಲಿ ಕದ್ದು ತಿನ್ನುವುದನ್ನೂ ಹೇಳಿಬಿಟ್ಟಿದ್ದಳು. ಆದರೆ ಆಕೆ ಕೇಳಿದ್ದು ಬೇರೆ.

"ನಿನ್ನೆ ಅಂಗಡೀಲಿ ತಿಂದ್ರಲ್ಲ, ಅದರ ರುಚಿ ಹೇಗಿತ್ತು?"

ಗುಬ್ಬಿ ಯೋಚಿಸಿದಳು. ಕೇಕು ತಿಂದದ್ದು ನೆನಪಿತ್ತು, ರುಚಿ ನೆನಪಿರಲಿಲ್ಲ. "ಗೊತ್ತಿಲ್ಲ ಮೇಡಂ" ಎಂದಳು. ಹೇಳಿದ ಮೇಲೆ ಏನೋ ಕಳೆದುಕೊಂಡವಳ ಹಾಗೆ ಕೂತಳು.

ಡಯಟಿಷಿಯನ್ ಮೇಜಿನ ಖಾನೆಯಿಂದ ಕಿತ್ತಳೆಹಣ್ಣು ತೆಗೆದು ಸುಲಿದಳು. ಒಂದು ತೊಳೆ ಕೊಟ್ಟಳು. "ತಕ್ಷಣ ಬಾಯಿಗೆ ಹಾಕ್ಬೇಡಿ. ಮೂಸಿ ನೋಡಿ. ಈಗ ಹಲ್ಲಲ್ಲಿ ಒಡೀರಿ. ನುಂಗೋಕೆ ಮುಂಚೆ ಅದು ಬಾಯಲ್ಲಿ ಏನೇನಾಗತ್ತೆ ನೋಡ್ತಾ ಇರಿ." ಗುಬ್ಬಿ ಒಡೆದಳು. ಹುಳಿ ಮೊದಲು ನಾಲಿಗೆಯ ಬದಿಗೆ ತಾಕಿತು, ಸಿಹಿ ಹಿಂದಿನಿಂದ ಬಂತು, ಸಿಪ್ಪೆಯ ಕಹಿಯೊಂದು ಕೊನೆಗೆ ಉಳಿಯಿತು. ಒಂದು ತೊಳೆಯಲ್ಲಿ ಇಷ್ಟೆಲ್ಲ ಇರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಊಟ ಬಿಡಬೇಡಿ. ಬಿಟ್ಟಷ್ಟೂ ಆಮೇಲೆ ಮುಗಿಬೀಳ್ತೀರ. ಹೊತ್ತುಹೊತ್ತಿಗೆ ಕೂತು, ತಟ್ಟೇಲಿ ಹಾಕ್ಕೊಂಡು, ಈಗ ತಿಂದ ಹಾಗೆ ತಿನ್ನಿ. ಮಧ್ಯ ಚಮಚ ಕೆಳಗಿಟ್ಟು, ಇನ್ನೂ ಹಸಿವಿದೆಯಾ ಅಂತ ನಿಮ್ಮನ್ನೇ ಕೇಳ್ಕೊಳ್ಳಿ. ಇದೆ ಅನ್ಸಿದ್ರೆ ಇನ್ನಷ್ಟು ಹಾಕ್ಕೊಳ್ಳಿ. ಯಾವತ್ತೋ ಒಂದಿನ ಮತ್ತೆ ಮುಗಿಬಿದ್ರಿ ಅನ್ಕೊಳ್ಳಿ, ನಿಮ್ಮನ್ನ ನೀವೇ ಬೈಕೋಬೇಡಿ. ಬೈಕೊಂಡ್ರೆ ಮತ್ತೆ ಅದಕ್ಕೇ ಹೋಗ್ತೀರ. ಸಕ್ಕರೆಗೆ ಡಾಕ್ಟ್ರು ಹೇಳಿದ್ದನ್ನ ಬಿಡಬೇಡಿ. ಇದು ಅದರ ಜೊತೆಗೆ."

ಗುಬ್ಬಿ ಮರುದಿನವೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಂಚಿನ ಒಂದು ತುದಿ ಒರೆಸಿ, ತಟ್ಟೆ ಇಟ್ಟುಕೊಂಡು ಕೂತಳು. ತಿರುಪು ಕೂರಿಸುವಾಗಿನ ಗಮನವನ್ನು ತುತ್ತಿನ ಮೇಲಿಟ್ಟಳು. ಅನ್ನಕ್ಕೆ ಅದರದೇ ಒಂದು ಸಿಹಿ ಇತ್ತು. ಮೊಟ್ಟೆಯ ಹಳದಿ ಭಾಗ ಅವಳಿಗೆ ನಿಜಕ್ಕೂ ಇಷ್ಟವಿಲ್ಲ ಎಂಬುದು ಅಂದು ಗೊತ್ತಾಯಿತು. ಇಷ್ಟು ವರ್ಷ ನುಂಗಿದ್ದೇ ಬಂತು. ಯಜಮಾನರು ಇಣುಕಿ ನೋಡಿ, ಏನೂ ಕೇಳದೆ, ಕೈ ಚಾಚಿ ಸಾಣೆಕಲ್ಲನ್ನು ನಿಲ್ಲಿಸಿ ಹೋದರು. ಆಮೇಲೆ ಅವಳ ಊಟದ ಹೊತ್ತಿಗೆ ಆ ಕಲ್ಲು ತಿರುಗಲಿಲ್ಲ. ಕೆಲವು ವಾರ ಬೇಕರಿಯ ಮುಂದೆ ಅವಳು ಮಾಮೂಲಿ ಹೆಜ್ಜೆಯಲ್ಲೇ ನಡೆದು ಹೋದಳು.

ಆ ಖುಷಿಯಲ್ಲಿ ತಪ್ಪು ಮಾಡಿದಳು. ಮನೆಯಲ್ಲಿ ಹೇಳಿಬಿಟ್ಟಳು.

"ಓ, ತಿನ್ನೋಕೂ ಟ್ಯೂಷನ್ನಾ?" ಎಂದ ಗಂಡ. ಅತ್ತೆಗೆ ಮಾತ್ರ ಅದು ಬಹಳ ಹಿಡಿಸಿತು. ಅಂದಿನಿಂದ ಅವಳು ಸೊಸೆಯ ಎದುರು ಕುರ್ಚಿ ಎಳೆದುಕೊಂಡು ಕೂತು, "ನಿಧಾನ. ನಿಧಾನ ಅಂದೆ. ಅಗಿ. ಇನ್ನೂ ಅಗಿ. ನುಂಗ್ಬಿಟ್ಯಾ?" ಎಂದು ಕಾವಲು ಕಾಯತೊಡಗಿದಳು. ಗಂಡ ಆಟದ ಕಾಮೆಂಟರಿಯವನ ದನಿ ತೆಗೆಯುತ್ತಿದ್ದ: "ಗುಬ್ಬಿಯವರು ತುತ್ತು ಎತ್ತಿದ್ದಾರೆ, ಮೂಸುತ್ತಿದ್ದಾರೆ, ಒಳಗೆ ಬಿಟ್ಟಿದ್ದಾರೆ..." ಪಕ್ಕದ ಮನೆಯವರು ಬಂದರೆ ಅವರಿಗೂ ಕುರ್ಚಿ. ಗುಬ್ಬಿ ರುಚಿ ನೋಡುವುದನ್ನು ಬಿಟ್ಟಳು. ಬೇಗ ನುಂಗಿ ಎದ್ದುಬಿಡುತ್ತಿದ್ದಳು. ಬೇಕರಿಯ ಮುಂದೆ ಕಾಲು ಮತ್ತೆ ತಡೆಯತೊಡಗಿತು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಅಂಗಡಿಯಲ್ಲಿ ಕೆಲಸ ನಿಂತಿತು. ಗುಬ್ಬಿ ಮನೆಗೆ ಬೇಗ ಬಂದಳು. ಅಡುಗೆಮನೆಯಲ್ಲಿ ಕಪಾಟಿನ ಬಾಗಿಲು ತೆರೆದಿತ್ತು. ಅದರ ಮರೆಯಲ್ಲಿ ಅತ್ತೆ ನಿಂತಿದ್ದಳು. ಒಂದು ಕೈಯಲ್ಲಿ ಸಕ್ಕರೆ ಡಬ್ಬಿ, ಇನ್ನೊಂದರಲ್ಲಿ ಚಮಚ, ಎರಡೂ ಕೆನ್ನೆ ಉಬ್ಬಿದ್ದವು. ಅತ್ತೆಗೆ ಸಕ್ಕರೆ ಕಾಯಿಲೆ. ದಿನಾ ಮಾತ್ರೆ ನುಂಗುವವಳು. ಚಹಾಕ್ಕೂ ಸಕ್ಕರೆ ಬೇಡವೆನ್ನುವವಳು. ಗಂಟಲಿಗೆ ಚಮಚದ ಮೇಲೆ ಚಮಚ ಸುರಿದುಕೊಳ್ಳುವ ಆ ಆತುರ, ಸದ್ದಾಗದ ಹಾಗೆ ಬಿಗಿದ ಆ ಭುಜ ಗುಬ್ಬಿಗೆ ತನ್ನದೇ ಮೈಯಷ್ಟು ಪರಿಚಯವಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅತ್ತೆ ಕಷ್ಟಪಟ್ಟು ನುಂಗಿದಳು.

"ಇರುವೆ ಹತ್ತಿದೆಯೇನೋ ಅಂತ ನೋಡ್ತಿದ್ದೆ."

"ಹೌದಾ ಅತ್ತೆ" ಎಂದು ಗುಬ್ಬಿ ಹೊರಗೆ ಬಂದಳು.

ಯಾರಿಗೂ ಹೇಳಲಿಲ್ಲ. ಆಮೇಲಿನ ದಿನಗಳಲ್ಲಿ ಎದುರಿನ ಕುರ್ಚಿ ಖಾಲಿ ಇತ್ತು, ಕಪಾಟಿನ ಬೀಗವೂ ಒಮ್ಮೊಮ್ಮೆ ಹಾಗೇ ತೆರೆದಿರುತ್ತಿತ್ತು. ತಮ್ಮಿಬ್ಬರ ನಡುವೆ ಒಂದು ಒಪ್ಪಂದವಾಗಿದೆ ಎಂದು ಗುಬ್ಬಿ ನಂಬಿದಳು. ಎಂದಾದರೊಂದು ದಿನ ಅತ್ತೆಗೂ ಆ ಕಿತ್ತಳೆಯ ತೊಳೆಯ ವಿಷಯ ಹೇಳಬೇಕು ಎಂದೂ ಅಂದುಕೊಂಡಳು.

ಆ ತಿಂಗಳ ತಪಾಸಣೆಯಲ್ಲಿ ತೂಕ ಮತ್ತೆ ಏರಿತ್ತು. ಪಡಸಾಲೆಯಲ್ಲಿ ಆಯಾ ಕೂಗಿದಳು, ಡಾಕ್ಟರು ಬೈದರು, ಡಯಟಿಷಿಯನ್ ರಜೆಯಲ್ಲಿದ್ದಳು. ಮನೆಗೆ ಬಂದ ಗುಬ್ಬಿ ಅಡುಗೆಮನೆಯ ನೆಲದ ಮೇಲೆ ಕೂತು, ಪಾತ್ರೆಯಲ್ಲಿದ್ದ ತಣ್ಣನೆಯ ಅನ್ನವನ್ನು ಕೈಯಿಂದ ಬಾಚಿ ಬಾಚಿ ತಿಂದಳು. ಅದು ಮುಗಿದ ಮೇಲೆ ಬ್ರೆಡ್ಡು. ಬ್ರೆಡ್ಡು ಮುಗಿದ ಮೇಲೆ ಜಾಮಿನ ಬಾಟಲಿಗೆ ಬೆರಳು. ಮನೆಯಲ್ಲಿ ಯಾರೂ ಇಲ್ಲವೆಂದು ಅವಳು ತಿಳಿದಿದ್ದಳು.

ಎರಡು ದಿನ ಬಿಟ್ಟು ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ವರ್ಷಗಳಿಂದ ಮಾತಿಲ್ಲದವಳು. ನಗು ತಡೆಯಲಾಗದೆ ಮಾತು ತುಂಡಾಗುತ್ತಿತ್ತು. "ಏ ಗುಬ್ಬಿ, ನೀನು ಒಂಚೂರೂ ಬದಲಾಗಿಲ್ಲ ಕಣೇ. ನಮ್ಮಮ್ಮ ನೋಡಿ ಬಿದ್ದು ಬಿದ್ದು ನಗ್ತಿದ್ದಾಳೆ."

"ಏನು ನೋಡಿ?"

"ನಿನ್ನ ಗಂಡ ಹಾಕಿದಾರಲ್ಲ, ವಿಡಿಯೋ."

ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗುಬ್ಬಿ ಅದನ್ನು ನೋಡಿದಳು. ಹಿತ್ತಿಲ ಕಿಟಕಿಯಿಂದ ತೆಗೆದದ್ದು. ಅವಳ ಬೆನ್ನು, ಜಡೆ, ಏರಿಳಿಯುವ ಮೊಣಕೈ. ಅದಕ್ಕೆ ಕುಣಿತದ ವಾದ್ಯ ಸೇರಿಸಿ, ಮೊಣಕೈ ತಾಳಕ್ಕೆ ಸರಿಯಾಗಿ ಏಳುವ ಹಾಗೆ ಮಾಡಿದ್ದ. ಕೆಳಗೆ ಬಂಧುಬಳಗದವರ ನಗೆಯ ಮುಖಗಳ ಸಾಲು. ಅವಳು ಕೊನೆಯವರೆಗೂ ನೋಡಿದಳು. ವಾದ್ಯ ನಿಂತ ಮೇಲೆ ಒಂದು ಪಿಸುಮಾತು ಉಳಿದುಬಿಟ್ಟಿತ್ತು. ಗಂಡ, "ಸಾಕಲ್ವಾ?" ಎನ್ನುತ್ತಾನೆ. ಅತ್ತೆಯ ದನಿ, "ಇರು, ಬಾಟ್ಲಿ ನೆಕ್ತಾಳೆ ಈಗ. ತೆಗಿ" ಎನ್ನುತ್ತದೆ.

ಗುಬ್ಬಿ ಫೋನನ್ನು ಬೋರಲು ಮಲಗಿಸಿ, ಅರ್ಧಕ್ಕೆ ನಿಲ್ಲಿಸಿದ್ದ ಗಾಜನ್ನು ಅರೆದು ಮುಗಿಸಿದಳು. ಸಂಜೆ ಮನೆಯಲ್ಲಿ ಏನೂ ಕೇಳಲಿಲ್ಲ. "ಬೇಜಾರು ಮಾಡ್ಕೊಂಡಿಲ್ಲ ನೋಡು, ಜಾಣೆ" ಎಂದು ಗಂಡ ಮೆಚ್ಚಿಕೊಂಡ.

ಭಾನುವಾರ ನಾದಿನಿ ತನ್ನ ಗಂಡನ ಜೊತೆ ಊಟಕ್ಕೆ ಬಂದಳು. ಬಾಗಿಲಲ್ಲೇ ಗುಬ್ಬಿಯ ಹೊಟ್ಟೆ ನೋಡಿ, "ಇದರಲ್ಲಿ ಮಗು ಎಷ್ಟು, ಜಾಮ್ ಎಷ್ಟು?" ಎಂದಳು. ಮೇಜಿನ ಸುತ್ತ ಎಲ್ಲರೂ ಕೂತರು. ಅತ್ತೆ ಉತ್ಸಾಹದಲ್ಲಿದ್ದಳು. "ನಾನೂ ಎರಡು ಹೆತ್ತಿದೀನಿ. ನಾಲಿಗೆ ಮೇಲೆ ಹಿಡಿತ ಇರ್ಬೇಕು. ನನ್ನ ನೋಡು, ಮನೇಲಿ ಸಕ್ಕರೆ ಇದೆ, ಯಾವತ್ತಾದ್ರೂ ಮುಟ್ತೀನಾ?"

ಗುಬ್ಬಿ ಎದ್ದು ಅಡುಗೆಮನೆಗೆ ಹೋದಳು. ಸಕ್ಕರೆ ಡಬ್ಬಿ ತಂದು ಮುಚ್ಚಳ ತೆಗೆದು ಅತ್ತೆಯ ತಟ್ಟೆಯ ಮುಂದಿಟ್ಟಳು. ಚಮಚ ಇಟ್ಟಳು.

"ಅತ್ತೆ, ಕಪಾಟಿನ ಮರೇಲಿ ನಿಂತ್ಕೊಂಡು ತಿನ್ಬೇಡಿ. ಹಾಗೆ ತಿಂದ್ರೆ ಎಷ್ಟು ತಿಂದ್ವಿ ಗೊತ್ತಾಗಲ್ಲ. ಇಲ್ಲೇ ಕೂತ್ಕೊಂಡು, ನಿಧಾನವಾಗಿ, ರುಚಿ ನೋಡ್ಕೊಂಡು ತಿನ್ನಿ."

"ಇವಳ ಮಾತು ಕಟ್ಕೊಂಡು..." ಎಂದು ಅತ್ತೆ ಶುರುಮಾಡಿದಳು, ಮುಗಿಸಲಾಗಲಿಲ್ಲ. ಮುಖವೇ ಎಲ್ಲ ಹೇಳುತ್ತಿತ್ತು.

"ಅದಕ್ಕೇ ಮಾತ್ರೆ ಬದಲಾಯಿಸಿದ್ರೂ ಇಳೀತಿಲ್ಲ" ಎಂದಳು ನಾದಿನಿ, ನಿಧಾನಕ್ಕೆ. "ಅಮ್ಮ ಸಕ್ಕರೆ ಮುಟ್ಟೋದೇ ಇಲ್ಲ ಅಂತ ಡಾಕ್ಟ್ರ ಹತ್ರ ನಾನು ಮೂರ್ಖಳ ಹಾಗೆ ವಾದ ಮಾಡ್ದೆ."

ಗಂಡನಿಗೆ ನಗು ಒತ್ತಿಕೊಂಡು ಬಂತು. "ಅಮ್ಮಾ, ನೀನೂನಾ? ಮನೆ ತುಂಬ ಗುಬ್ಬಿಗಳೇ" ಎಂದು ಜೇಬಿನಿಂದ ಫೋನ್ ತೆಗೆದ. "ಒಂದು ಚಮಚ ಹಾಕ್ಕೋ ನೋಡೋಣ, ಹಾಕ್ಕೋಮ್ಮಾ."

ಅತ್ತೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬಳೆಗಳು ಮೊಣಕೈವರೆಗೆ ಜಾರಿದವು. ಅವಳು ಅಳುತ್ತಿದ್ದಾಳೆಂದು ತಿಳಿದ ಮೇಲೂ ಅವನು ಫೋನ್ ಕೆಳಗಿಳಿಸಲಿಲ್ಲ.

ಗುಬ್ಬಿ ತನ್ನ ಜಾಗದಲ್ಲಿ ಕೂತು ಊಟ ಮಾಡಿದಳು. ಪ್ರತಿ ತುತ್ತನ್ನೂ ಅಗಿದಳು; ಬೇಳೆಯಲ್ಲಿ ಉಪ್ಪು ಸರಿಯಾಗಿತ್ತು, ಅನ್ನ ಬಿಡಿಬಿಡಿಯಾಗಿತ್ತು, ಸೌತೆಕಾಯಿ ತಣ್ಣಗಿತ್ತು. ಅರ್ಧಕ್ಕೆ ಚಮಚ ಕೆಳಗಿಟ್ಟು ತನ್ನನ್ನು ತಾನೇ ಕೇಳಿಕೊಂಡಳು, ಸಾಕೆನಿಸಿತು, ನಿಲ್ಲಿಸಿದಳು. ಆ ಮನೆಯಲ್ಲಿ ಅವಳು ಮಾಡಿದ ಅತ್ಯಂತ ಒಳ್ಳೆಯ ಊಟ ಅದು.

ರಜೆ ಮುಗಿಸಿ ಬಂದ ಡಯಟಿಷಿಯನ್‌ಗೆ ಅವಳು ಇದನ್ನು ಹೆಮ್ಮೆಯಿಂದಲೇ ಹೇಳಿದಳು. ಆಕೆ ಬರೆಯುತ್ತಿದ್ದ ಪೆನ್ನಿಗೆ ಮುಚ್ಚಳ ಹಾಕಿದಳು.

"ನಿಮ್ಮತ್ತೆ ಆಮೇಲೆ ಊಟ ಮಾಡಿದ್ರಾ?"

"ಇಲ್ಲ. ಈಗ ನಮ್ಮ ಜೊತೆ ಕೂರೋದೇ ಇಲ್ಲ. ಯಾವಾಗ ತಿಂತಾರೋ ಗೊತ್ತಿಲ್ಲ."

"ನಿಮಗೆ ಗೊತ್ತು" ಎಂದಳು ಡಯಟಿಷಿಯನ್. ಆಮೇಲೆ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಹೆರಿಗೆ ಆಗೋವರೆಗೆ ಅಂಗಡೀಲೇ ಊಟ ಮಾಡಿ. ಮನೆಯಲ್ಲಿ ನಿಮಗ್ಯಾರಿಗೂ ಅದು ಆಗೋ ಹಾಗೆ ಕಾಣಲ್ಲ" ಎಂದಷ್ಟೇ ಹೇಳಿ ಮುಂದಿನವರನ್ನು ಕರೆದಳು.

ಹೆಣ್ಣು ಮಗು ಹುಟ್ಟಿತು. ದೊಡ್ಡ ಮಗು. ಹುಟ್ಟಿದ ಕೂಡಲೇ ಅದರ ಮೈಯಲ್ಲಿ ಸಕ್ಕರೆ ಇಳಿದು, ಗಾಜಿನ ಪೆಟ್ಟಿಗೆಯಲ್ಲಿಟ್ಟು ನಳಿಗೆ ಹಾಕಿದರು. ತಾಯಿಗೆ ಸಕ್ಕರೆ ಹೆಚ್ಚಿದ್ದರೆ ಹೀಗಾಗುವುದುಂಟು, ಬೇಗ ಸರಿಹೋಗುತ್ತದೆ ಎಂದು ನರ್ಸು ಹೇಳಿದಳು. ಗುಬ್ಬಿ ಖಾಲಿ ಮಡಿಲಲ್ಲಿ, ಹಾಲು ಕಟ್ಟಿದ ಎದೆಯಲ್ಲಿ ಮಂಚದ ಮೇಲೆ ಕೂತಿದ್ದಳು. ನೋಡಲು ಬಂದವರು ಸುತ್ತ ನಿಂತಿದ್ದರು.

"ಒಳಗಿದ್ದಾಗ ಎಲ್ಲ ಇವಳೇ ತಿಂದ್ಬಿಟ್ಟಿದ್ದಾಳೆ" ಎಂದ ಗಂಡ. "ಪಾಪ ಮಗುಗೆ ಒಂದು ಚಮಚ ಸಕ್ಕರೇನೂ ಉಳಿಸಿಲ್ಲ."

ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅತ್ತೆ. ಅಷ್ಟು ದಿನ ತಲೆ ತಗ್ಗಿಸಿಕೊಂಡಿದ್ದವಳು ಅಂದು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಅಷ್ಟರಲ್ಲಿ ಆಯಾ ಊಟದ ತಟ್ಟೆ ತಂದಿಟ್ಟಳು. ಗುಬ್ಬಿ ಚಮಚ ಎತ್ತಿದಾಗ ಗಂಡನ ಫೋನೂ ಎದ್ದಿತು. "ಹೆತ್ತ ಮೇಲೆ ಮೊದಲ ಊಟ. ಈ ಕಡೆ ನೋಡು."

ಗುಬ್ಬಿ ಚಮಚ ಕೆಳಗಿಟ್ಟಳು. "ನಾನು ನಿಮ್ಮ ಮನೆಗೆ ಬರಲ್ಲ."

"ಮತ್ತೆಲ್ಲಿಗೆ, ಬೇಕರಿಗಾ?"

"ಫೋನ್ ಇಳಿಸಿ. ಆಚೆ ಹೋಗಿ. ನಾನು ಊಟ ಮಾಡ್ಬೇಕು."

ಅವನು ನಕ್ಕ. ಅದು ತಮಾಷೆಯಲ್ಲವೆಂದು ಅವನಿಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಅಷ್ಟರಲ್ಲಿ ಅವಳು ಮಗುವಿನೊಂದಿಗೆ ಅಂಗಡಿಯ ಮೇಲಿನ ಕೋಣೆ ಸೇರಿದ್ದಳು. ಯಜಮಾನರು ಹಳೆಯ ಫ್ರೇಮುಗಳ ಪೆಟ್ಟಿಗೆಗಳನ್ನು ಗೋಡೆಗೆ ಒತ್ತರಿಸಿ ಜಾಗ ಮಾಡಿಕೊಟ್ಟಿದ್ದರು. "ಮಗು ಅತ್ರೆ ಮೇಲೆ ಹೋಗು, ಗಿರಾಕೀನ ನಾನು ನೋಡ್ಕೋತೀನಿ" ಎಂದರು, ಅಷ್ಟೇ.

ಅಲ್ಲಿಗೆ ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ಮಗು ಸಂಜೆಯೆಲ್ಲ ಅತ್ತು ಹಟ ಮಾಡಿದ ದಿನ, ಗಂಡ ರಸ್ತೆಯಲ್ಲಿ ನಿಂತು ಕೂಗಾಡಿದ ದಿನ, ಅವಳು ಪೊಟ್ಟಣ ಒಡೆದು ತಳ ಕಾಣುವವರೆಗೆ ತಿಂದದ್ದುಂಟು. ಆದರೆ ಮರುದಿನ ಉಪವಾಸ ಇರುತ್ತಿರಲಿಲ್ಲ. ಬೆಳಿಗ್ಗೆ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದಳು. ಹಾಗೆ ಪೊಟ್ಟಣ ಒಡೆಯುವ ದಿನಗಳು ದೂರ ದೂರವಾದವು.

ಮಗು ತೆವಳುವಷ್ಟಾದಾಗ ಒಂದು ಬೆಳಿಗ್ಗೆ ಅತ್ತೆ ಅಂಗಡಿಗೆ ಬಂದಳು. ಯಜಮಾನರು ಹೊರಗೆ ಹೋಗಿದ್ದರು. ಅತ್ತೆಯ ಮುಖ ಇಳಿದು ಅರ್ಧವಾಗಿತ್ತು, ಕನ್ನಡಕ ಮೂಗಿನ ಮೇಲೆ ನಿಲ್ಲುತ್ತಿರಲಿಲ್ಲ. "ಬಿಗಿ ಮಾಡಿಕೊಡ್ತೀಯಾ" ಎಂದು ಕೈಗೆ ಕೊಟ್ಟಳು.

ಗುಬ್ಬಿ ಕಡ್ಡಿಗಳನ್ನು ಬಿಸಿ ಮರಳಿನಲ್ಲಿ ಅದ್ದಿ, ಬಗ್ಗಿಸಿ, ಅತ್ತೆಯ ಕಿವಿಯ ಹಿಂದೆ ಬೆರಳಿಟ್ಟು ಅಳತೆ ನೋಡಿದಳು. ಅಲ್ಲಿ ಮೂಳೆ ಸಿಕ್ಕಿತು.

"ಅವನು ಅದನ್ನ ಬಂದೋರಿಗೆಲ್ಲ ತೋರಿಸ್ತಾನೆ" ಎಂದಳು ಅತ್ತೆ.

"ಯಾವುದನ್ನ?"

"ಅವತ್ತು ತೆಗೆದಿದ್ದು. ನನ್ನದು."

ಗುಬ್ಬಿ ಇನ್ನೊಂದು ಕಡ್ಡಿಯನ್ನು ಮರಳಿಗೆ ಇಳಿಸಿದಳು. ತಪ್ಪಾಯ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅದರ ರುಚಿಯೂ ತಿಳಿಯುತ್ತಿತ್ತು. ಅವಳು ಅದನ್ನು ನುಂಗಿದಳು. ಕನ್ನಡಕ ಒರೆಸಿ ಅತ್ತೆಯ ಮುಖಕ್ಕೆ ಹಾಕಿದಳು. "ಈಗ ಜಾರಲ್ಲ."

ಅತ್ತೆ ಮೆಟ್ಟಿಲ ಕಡೆ ನೋಡಿದಳು. "ಮಗುನ ಒಂದ್ಸಲ ನೋಡ್ಲಾ?"

"ಮಲಗಿದೆ."

ಮೇಲಿನ ಕೋಣೆಯಲ್ಲಿ ಮಗು ಖಾಲಿ ಡಬ್ಬಿಯನ್ನು ನೆಲಕ್ಕೆ ಬಡಿದು ಕೇಕೆ ಹಾಕಿತು. ಇಬ್ಬರಿಗೂ ಕೇಳಿಸಿತು. ಅತ್ತೆ ಇನ್ನೊಂದು ಸಲ ಕೇಳಲಿಲ್ಲ. ಗುಬ್ಬಿಯೂ ಹೇಳಿದ ಮಾತು ಬದಲಿಸಲಿಲ್ಲ. ಅತ್ತೆ ಹೊಸ್ತಿಲು ದಾಟಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಮನೆಯ ದಾರಿ ಹಿಡಿದಳು.

ಮಧ್ಯಾಹ್ನ ಗುಬ್ಬಿ ಎಂದಿನಂತೆ ಬೆಂಚು ಒರೆಸಿ ತಟ್ಟೆ ಇಟ್ಟುಕೊಂಡಳು. ಅತ್ತೆ ಈ ಹೊತ್ತಿಗೆ ಯಾವ ಮರೆಯಲ್ಲಿ ನಿಂತು ತಿನ್ನುತ್ತಿರುತ್ತಾಳೋ ಎನಿಸಿ, ಮೊದಲ ತುತ್ತು ಬಾಯಲ್ಲೇ ಉಳಿಯಿತು. ಅಗಿದಳು, ಅಗಿದಳು, ಅದು ಇಳಿಯಲೊಲ್ಲದು. ತಟ್ಟೆ ಮುಚ್ಚಿಟ್ಟು ಮಗುವಿಗೆ ಅನ್ನ ಕಲಸಲು ಮೇಲೆ ಹೋದಳು.